300ಬಿ ಸಿಂಗಲ್ ಎಂಡೆಡ್‌ಗೆ 1:2 ಇಂಟರ್‌ಸ್ಟೇಜ್: ಕೆಳಗೆ ಬೇಸ್ ಇಲ್ಲ, ಮೇಲೆ ರಿಂಗಿಂಗ್

ಗ್ರಿಡ್‌ಲೀಕ್:
ನಾನು ಕಟ್ಟುತ್ತಿರುವ ಟ್ಯೂಬ್ ಆಂಪ್ಲಿಫೈಯರ್‌ನಲ್ಲಿ ಔಟ್‌ಪುಟ್ ಟ್ಯೂಬ್ ಒಂದೇ 300ಬಿ: ಪ್ಲೇಟಿಗೆ 350 ವೋಲ್ಟ್, 60 ಮಿಲಿಆಂಪ್, ಬಯಾಸ್ ಮೈನಸ್ 74ರ ಆಸುಪಾಸು. ಅದನ್ನು ನಡೆಸುವ ಡ್ರೈವರ್, ಜೋಡಿ ಟ್ರಯೋಡ್ ಆದ 6ಎಸ್‌ಎನ್7ರ ಒಂದು ಅರ್ಧ, 250 ವೋಲ್ಟ್, 9 ಮಿಲಿಆಂಪ್. ಎರಡರ ನಡುವೆ ಕೋರಿನಲ್ಲಿ ಗ್ಯಾಪ್ (ಡಿಸಿ ತಡೆದುಕೊಳ್ಳಲು ಬಿಟ್ಟ ಸಂದು) ಇರುವ 1:2 ಇಂಟರ್‌ಸ್ಟೇಜ್ ಟ್ರಾನ್ಸ್‌ಫಾರ್ಮರ್, ಪ್ರೈಮರಿ 30 ಹೆನ್ರಿ. ಸೆಕೆಂಡರಿಗೆ ಲೋಡ್ ಹಾಕಿಲ್ಲ. 40 ಹರ್ಟ್ಸ್‌ನಲ್ಲೇ 3 ಡಿಬಿ ಬಿದ್ದಿರುತ್ತೆ. 10 ಕಿಲೋಹರ್ಟ್ಸ್ ಸ್ಕ್ವೇರ್ ವೇವ್ ಕೊಟ್ಟರೆ ಪ್ರತಿ ಅಂಚಿನಲ್ಲೂ ನಾಲ್ಕೈದು ಅಲೆ, ಅಂದರೆ ರಿಂಗಿಂಗ್. ಟ್ರಾನ್ಸ್‌ಫಾರ್ಮರ್ ಕೆಟ್ಟದ್ದಾ? 6ಎಸ್‌ಎನ್7ರ ಎರಡೂ ಅರ್ಧ ಪ್ಯಾರಲಲ್ ಮಾಡಿದರೆ ಸರಿಹೋಗುತ್ತಾ?

ಲೋಡ್‌ಲೈನ್:
ಟ್ರಾನ್ಸ್‌ಫಾರ್ಮರ್ ಪಾಪ, ಲೆಕ್ಕ ಹೇಳಿದ್ದನ್ನೇ ಮಾಡ್ತಿದೆ. 6ಎಸ್‌ಎನ್7ರ ಪ್ಲೇಟ್ ರೆಸಿಸ್ಟೆನ್ಸ್ 7.7ಕೆ. ಅದನ್ನು 2π × 30ರಿಂದ ಭಾಗಿಸಿ: 41 ಹರ್ಟ್ಸ್. 20 ಹರ್ಟ್ಸ್‌ನಲ್ಲಿ ಬರೀ 1 ಡಿಬಿ ಇಳಿಯಬೇಕು ಅಂದರೆ 120 ಹೆನ್ರಿ ಬೇಕು. 9 ಮಿಲಿಆಂಪ್ ಡಿಸಿ ಹೊತ್ತುಕೊಂಡು ಅಷ್ಟು ಇಂಡಕ್ಟೆನ್ಸ್ ಕೊಡಬೇಕಾದರೆ ಸುತ್ತು ವಿಪರೀತ ಹೆಚ್ಚುತ್ತೆ, ಜೊತೆಗೆ ವೈಂಡಿಂಗ್ ಕೆಪಾಸಿಟೆನ್ಸೂ ಏರಿ ಮೇಲಿನ ತುದಿ ಹಾಳಾಗುತ್ತೆ. ಪ್ಯಾರಲಲ್ ಮಾಡಿದರೆ ರೆಸಿಸ್ಟೆನ್ಸ್ ಅರ್ಧ ಆಗುತ್ತೆ ನಿಜ, ಆದರೆ ಕರೆಂಟ್ 18 ಮಿಲಿಆಂಪ್ ಆಗಿ ನಿಮ್ಮ ಕೋರ್ ಸ್ಯಾಚುರೇಟ್ ಆಗುತ್ತೆ. ಗ್ಯಾಪ್ ದೊಡ್ಡದು ಮಾಡಿದರೆ ಹೆನ್ರಿ ಕಮ್ಮಿ. ಸುತ್ತಿ ಬಳಸಿ ಅಲ್ಲಿಗೇ ಬಂದು ನಿಲ್ತೀರಿ.

ಮೊದಲು ಡ್ರೈವರ್ ಟ್ಯೂಬ್ ಬದಲಿಸಿ. ಇಸಿಸಿ99ರ ಒಂದು ಅರ್ಧ, 150 ವೋಲ್ಟ್, 18 ಮಿಲಿಆಂಪ್: ಮ್ಯೂ (ಟ್ಯೂಬ್ ಎಷ್ಟು ಪಟ್ಟು ವರ್ಧಿಸಬಲ್ಲದು ಅನ್ನೋ ಅಂಕಿ) 22, ಪ್ಲೇಟ್ ರೆಸಿಸ್ಟೆನ್ಸ್ 2.3ಕೆ. ಈಗ 36 ಹೆನ್ರಿ ಸಾಕು. 18 ಮಿಲಿಆಂಪ್ ಗ್ಯಾಪ್ ಇರುವ 1:1 ತಗೊಳ್ಳಿ. ಕ್ಯಾಥೋಡ್‌ಗೆ 220 ಓಮ್. ಪ್ರೈಮರಿ ವೈರಿನಲ್ಲಿ ಬೀಳೋದು ಆರೇಳು ವೋಲ್ಟ್, ಆದ್ದರಿಂದ ಸಪ್ಲೈ 160 ಇದ್ದರೆ ಆಯ್ತು. ಇದೇ ಕರೆಂಟಿಗೆ 10ಕೆ ಪ್ಲೇಟ್ ರೆಸಿಸ್ಟರ್ ಹಾಕಿದ್ದರೆ ಅದೊಂದೇ 180 ವೋಲ್ಟ್ ನುಂಗ್ತಿತ್ತು.

ಆ 220 ಓಮ್‌ಗೆ 470 ಮೈಕ್ರೋಫ್ಯಾರಡ್ ಬೈಪಾಸ್ ಮರೀಬೇಡಿ. ಬೈಪಾಸ್ ಇಲ್ಲದಿದ್ದರೆ 23 × 220, ಅಂದರೆ 5ಕೆ ಸೇರಿಕೊಂಡು ಪ್ರೈಮರಿಗೆ ಕಾಣೋದು 7.4ಕೆ. ದುಡ್ಡು ಕೊಟ್ಟು ಇಸಿಸಿ99 ತಂದು ಮತ್ತೆ 6ಎಸ್‌ಎನ್7 ಮಾಡಿಕೊಂಡ ಹಾಗೆ!

ಗೇನ್ ಕಮ್ಮಿ ಆಗುತ್ತೆ. 300ಬಿ ಗ್ರಿಡ್‌ಗೆ ಬೇಕಾದ 74 ವೋಲ್ಟ್ ಪೀಕ್‌ಗೆ ಇನ್‌ಪುಟ್ 3.4 ಪೀಕ್, ಅಂದರೆ 2.4 ವೋಲ್ಟ್ ಆರ್‌ಎಂಎಸ್ ಬೇಕು. 2 ವೋಲ್ಟ್ ಕೊಡುವ ಡಿಎಸಿ ಒಂದೂವರೆ ಡಿಬಿ ಹಿಂದೆ ಬೀಳುತ್ತೆ. ಅಷ್ಟಕ್ಕೋಸ್ಕರ 1:2ಕ್ಕೆ ಹೋಗಬೇಡಿ.

ಝೋಬೆಲ್:
ರಿಂಗಿಂಗ್ ಬಗ್ಗೆ. 300ಬಿಯ ಗ್ರಿಡ್-ಪ್ಲೇಟ್ ಕೆಪಾಸಿಟೆನ್ಸ್ 15 ಪಿಕೋಫ್ಯಾರಡ್. ಮಿಲ್ಲರ್ ಎಫೆಕ್ಟ್ (ಟ್ಯೂಬಿನ ಗೇನ್‌ನಿಂದ ಆ ಕೆಪಾಸಿಟೆನ್ಸ್ ದೊಡ್ಡದಾಗಿ ಕಾಣೋದು) ಸೇರಿ ಗ್ರಿಡ್‌ನಲ್ಲಿ ಕಾಣೋದು ಸುಮಾರು 70. 1:2ರಲ್ಲಿ ಪ್ರೈಮರಿಗೆ ಅದು ನಾಲ್ಕು ಪಟ್ಟು, 280. ಲೀಕೇಜ್ ಇಂಡಕ್ಟೆನ್ಸ್ ಜೊತೆ ಅದು ರೆಸೊನೇಟ್ ಆಗುತ್ತೆ. 1:1ಕ್ಕೆ ಬಂದರೆ ಅರ್ಧ ತೊಂದರೆ ಅಲ್ಲೇ ಮುಗೀತು.

ಉಳಿದದ್ದಕ್ಕೆ ಸೆಕೆಂಡರಿ ಮೇಲೆ ಸೀರೀಸ್‌ನಲ್ಲಿ ರೆಸಿಸ್ಟರ್ ಮತ್ತು ಕೆಪಾಸಿಟರ್. 220 ಪಿಕೋಫ್ಯಾರಡ್ ಜೊತೆ 50ಕೆ ಪಾಟ್ (ತಿರುಗಿಸಿ ಬದಲಿಸುವ ರೆಸಿಸ್ಟರ್) ಹಾಕಿ, ಸ್ಕೋಪ್ ನೋಡ್ತಾ ತಿರುಗಿಸಿ. ಓವರ್‌ಶೂಟ್ ಒಂದೇ ಒಂದು ಸಣ್ಣ ಉಬ್ಬಾದಾಗ ನಿಲ್ಲಿಸಿ, ಪಾಟ್ ಅಳೆದು ಅದೇ ಬೆಲೆಯ ರೆಸಿಸ್ಟರ್ ಬೆಸುಗೆ ಹಾಕಿ. ಬರೀ ರೆಸಿಸ್ಟರ್ ಹಾಕಿದರೂ ರಿಂಗಿಂಗ್ ಹೋಗುತ್ತೆ, ಆದರೆ ಎಲ್ಲ ಫ್ರೀಕ್ವೆನ್ಸಿಗೂ ಡ್ರೈವರ್‌ಗೆ ಹೊರೆ, ಡಿಸ್ಟಾರ್ಷನ್ ಏರುತ್ತೆ. ಇದನ್ನೆಲ್ಲ 300ಬಿ ಉರೀತಿರುವಾಗಲೇ ಮಾಡಬೇಕು, ತಣ್ಣಗಿದ್ದರೆ ಮಿಲ್ಲರ್ ಇರಲ್ಲ. ಪ್ರೋಬ್ 10ಎಕ್ಸ್‌ನಲ್ಲಿರಲಿ.

ಗ್ರಿಡ್‌ಲೀಕ್:
ಧನ್ಯವಾದ ಸರ್. ಡಿಸಿ ತೊಂದರೆಯೇ ಬೇಡ ಅಂತ ಪ್ಯಾರಾಫೀಡ್ (ಕೆಪಾಸಿಟರ್ ಡಿಸಿ ತಡೆದು ಸಿಗ್ನಲ್ ಮಾತ್ರ ಟ್ರಾನ್ಸ್‌ಫಾರ್ಮರಿಗೆ ಬಿಡೋದು) ಮಾಡಿದರೆ? ಪ್ಲೇಟಿಗೆ ಕಾನ್‌ಸ್ಟಂಟ್ ಕರೆಂಟ್ ಸೋರ್ಸ್, 1 ಮೈಕ್ರೋಫ್ಯಾರಡ್ ಕೆಪಾಸಿಟರ್, ಆಮೇಲೆ ಗ್ಯಾಪ್ ಇಲ್ಲದ 100 ಹೆನ್ರಿ 1:1.

ಲೋಡ್‌ಲೈನ್:
ಆಗಬಹುದು, 1 ಮೈಕ್ರೋಫ್ಯಾರಡ್ ಮಾತ್ರ ಬೇಡ. 100 ಹೆನ್ರಿ ಜೊತೆ ಅದು 16 ಹರ್ಟ್ಸ್‌ನಲ್ಲಿ ರೆಸೊನೇಟ್ ಆಗುತ್ತೆ. 2.3ಕೆ ಸೋರ್ಸಿಗೆ ಕ್ಯೂ (ರೆಸೊನೆನ್ಸ್ ಎಷ್ಟು ಚೂಪು ಅನ್ನೋ ಅಳತೆ) 4.3, ಅಂದರೆ 12 ಡಿಬಿಗೂ ಮೇಲೆ ಉಬ್ಬು. ವಾರ್ಪ್ ಆದ ರೆಕಾರ್ಡ್ ಹಾಕಿದರೆ ಔಟ್‌ಪುಟ್ ಟ್ರಾನ್ಸ್‌ಫಾರ್ಮರೇ ಸ್ಯಾಚುರೇಟ್ ಆದೀತು. 10 ಮೈಕ್ರೋಫ್ಯಾರಡ್ ಹಾಕಿದರೆ ರೆಸೊನೆನ್ಸ್ 5 ಹರ್ಟ್ಸ್‌ಗೆ ಇಳಿದು, ಉಬ್ಬು 3 ಡಿಬಿ ಚಿಲ್ಲರೆ. ಕರೆಂಟ್ ಸೋರ್ಸ್‌ಗೆ ಸ್ವಿಂಗ್ ಮಾಡಲು ಜಾಗ ಬೇಕು, ಹಾಗಾಗಿ ಸಪ್ಲೈ 160 ಸಾಲದು, 260ರ ಮೇಲಿರಲಿ. ಟ್ಯೂಬ್ ಬಿಸಿಯಾಗುವ ತನಕ ಅಷ್ಟೂ ವೋಲ್ಟ್ ಕೆಪಾಸಿಟರ್ ಮೇಲೇ ಇರುತ್ತೆ. 400 ವೋಲ್ಟ್‌ನ ಫಿಲ್ಮ್ ಹಾಕಿ.

ಝೋಬೆಲ್:
ಇನ್ನೆರಡು ಮಾತು. ಡ್ರೈವರ್ ಪ್ಲೇಟಿಗೂ 300ಬಿ ಗ್ರಿಡ್‌ಗೂ ವೈಂಡಿಂಗಿನ ಚುಕ್ಕೆ ಗುರುತಿನ ತುದಿಯೇ ಬಂದರೆ ಫೇಸ್ ಆರ್‌ಸಿ (ರೆಸಿಸ್ಟರ್-ಕೆಪಾಸಿಟರ್) ಕಪ್ಲಿಂಗಿನದ್ದೇ. ಡ್ರೈವರಿನ ಸೆಕೆಂಡ್ ಹಾರ್ಮೋನಿಕ್ 300ಬಿಯದನ್ನು ಸ್ವಲ್ಪ ತಿನ್ನುತ್ತೆ. ಒಂದು ವೈಂಡಿಂಗಿನ ತುದಿಗಳನ್ನು ತಿರುಗಿಸಿದರೆ ಎರಡೂ ಕೂಡುತ್ತವೆ. ವೈಂಡಿಂಗ್ ಕೆಪಾಸಿಟೆನ್ಸೂ ಬದಲಾಗೋದರಿಂದ ಎರಡೂ ಥರ ಅಳೆದು ನೋಡಿ, ತಿರುಗಿಸಿದ ಮೇಲೆ ಪಾಟ್ ಮತ್ತೆ ಹೊಂದಿಸಬೇಕಾಗುತ್ತೆ.

ಇನ್ನು ಮೇನ್ಸ್ ಹಮ್ ಇಂಟರ್‌ಸ್ಟೇಜ್‌ಗೆ ನುಸುಳಬಾರದಲ್ಲ: ಷಾಸಿಗೆ ತೂತು ಕೊರೆಯೋ ಮುಂಚೆ ಮೇನ್ಸ್ ಟ್ರಾನ್ಸ್‌ಫಾರ್ಮರಿಗೆ 230 ಕೊಟ್ಟು, ಇಂಟರ್‌ಸ್ಟೇಜ್ ಸೆಕೆಂಡರಿಗೆ ಮಿಲಿವೋಲ್ಟ್ ಎಸಿ ಮೀಟರ್ ಕಟ್ಟಿ, ಇಂಟರ್‌ಸ್ಟೇಜನ್ನು ಬೆಂಚಿನ ಮೇಲೆ ಕೈಯಲ್ಲಿ ತಿರುಗಿಸಿ ನೋಡಿ. ಮುಟ್ಟಿದರೆ ಹೊಡೆಯುತ್ತೆ, ಮೇನ್ಸ್ ತುದಿಗಳಿಗೆ ಸ್ಲೀವ್ ಹಾಕಿ. ರೀಡಿಂಗ್ ಕಮ್ಮಿ ಬರೋ ಕೋನ ಸಿಕ್ಕಾಗ ಪೆನ್ಸಿಲ್ ಗುರುತು ಹಾಕಿಕೊಳ್ಳಿ. ಸಾಮಾನ್ಯವಾಗಿ ಕೋರುಗಳು 90 ಡಿಗ್ರಿಯಲ್ಲಿದ್ದಾಗ ಸಿಗುತ್ತೆ, ಆದರೆ ಐದು ಡಿಗ್ರಿ ಆಚೀಚೆಗೂ ಮುಳ್ಳು ಕುಣಿಯುತ್ತೆ.