ಹಿಮದ ಮೇಲೆ ಸೈಕಲ್ ಓಡಿಸುವುದು ಹೇಗೆ?

ವಿದ್ಯಾನಗರದ ಹುಡುಗ, ದಾವಣಗೆರೆ:
ಓದಲು ಜನವರಿಯಲ್ಲಿ ಫಿನ್‌ಲೆಂಡಿನ ಔಲು ಊರಿಗೆ ಹೊರಟಿದ್ದೇನೆ. ರೂಮಿನಿಂದ ಕ್ಯಾಂಪಸ್‌ಗೆ 4 ಕಿ.ಮೀ. ಅಲ್ಲಿ ಚಳಿಗಾಲದಲ್ಲೂ ಜನ ಸೈಕಲ್ಲಲ್ಲೇ ಓಡಾಡುತ್ತಾರಂತೆ. ಹೈಸ್ಕೂಲಿನಿಂದ ಡಿಗ್ರಿವರೆಗೂ ನಾನು ಸೈಕಲ್ ಬಿಟ್ಟವನಲ್ಲ, ಅಲ್ಲೂ ಬಿಡಲು ಇಷ್ಟವಿಲ್ಲ. ಆದರೆ ನಮ್ಮೂರಲ್ಲಿ 15 ಡಿಗ್ರಿ ಆದರೇ ಅಮ್ಮ ಮಫ್ಲರ್ ಸುತ್ತಿ ಕಳಿಸುತ್ತಾರೆ, ಅಲ್ಲಿ ಮೈನಸ್ 20. ಜಾರಿ ಬೀಳಲ್ವಾ?

ಎರಡು ಚಳಿಗಾಲ ಕಂಡವಳು, ದಾವಣಗೆರೆ:
ತಮ್ಮಾ, ನಾನು ಅದೇ ಊರಲ್ಲಿದ್ದೆ. ಮೈನಸ್ 20ಕ್ಕೆ ಹೆದರಬೇಡ, ಸೊನ್ನೆಯ ಆಸುಪಾಸಿಗೆ ಹೆದರು. ಜಾಸ್ತಿ ಚಳಿಯಲ್ಲಿ ಹಿಮ ಒಣಗಿರುತ್ತದೆ, ಟೈರಿಗೆ ಹಿಡಿತ ಸಿಗುತ್ತದೆ. ಸೊನ್ನೆ ಹತ್ತಿರ ಇದ್ದಾಗ ಹಗಲು ಕರಗಿದ ನೀರು ರಾತ್ರಿ ಗಾಜಿನ ಹಾಗೆ ಗಟ್ಟಿಯಾಗುತ್ತದೆ, ಅದರ ಮೇಲೆ ಒಂದು ಪದರ ಹೊಸ ಹಿಮ ಬಿದ್ದರೆ ಮುಗಿಯಿತು, ಕಣ್ಣಿಗೇ ಕಾಣುವುದಿಲ್ಲ. ನಾನು ಬಿದ್ದದ್ದು ಅಂಥ ದಿನವೇ. ತಿರುವಿನಲ್ಲಿ ಮುಂದಿನ ಬ್ರೇಕ್ ಹಿಡಿದೆ. ಮೊಣಕೈ ಊದಿಕೊಂಡು ಎರಡು ವಾರ ಪೆನ್ನು ಹಿಡಿಯಲು ಆಗಲಿಲ್ಲ.

ಮೊಳೆ ಟೈರ್ ಸಿಗುತ್ತದೆ, ರಬ್ಬರಿನಲ್ಲಿ ಸಣ್ಣ ಸಣ್ಣ ಲೋಹದ ಮೊಳೆ ಕೂರಿಸಿರುತ್ತಾರೆ. ಎರಡಕ್ಕೂ ದುಡ್ಡು ಸಾಲದಿದ್ದರೆ ಮೊದಲು ಮುಂದಿನ ಚಕ್ರಕ್ಕೆ ಹಾಕಿಸು. ಹಿಂದಿನದು ಜಾರಿದರೆ ಕಾಲು ಊರಿ ಸುಧಾರಿಸಿಕೊಳ್ಳಬಹುದು, ಮುಂದಿನದು ಜಾರಿದರೆ ಸೀದಾ ನೆಲಕ್ಕೆ. ಸೀಟು ಸ್ವಲ್ಪ ಇಳಿಸಿಕೋ. ಡಿಸೆಂಬರ್ ಕೊನೆಗೆ ಅಲ್ಲಿ ಹಗಲು ನಾಲ್ಕು ಗಂಟೆಯೂ ಇರುವುದಿಲ್ಲ, ಹಿಂದೆ ಮುಂದೆ ಲೈಟು ಬೇಕೇ ಬೇಕು. ದಾರಿಯ ಚಿಂತೆ ಬೇಡ, ಸೈಕಲ್ಲಿಗೆ ಬೇರೆ ದಾರಿಯೇ ಇದೆ, ಹಿಮ ತಳ್ಳಿ ಜಲ್ಲಿ ಚೂರು ಹಾಕುತ್ತಾರೆ. ಚಳಿಗಾಲದ ಸೈಕಲ್ ಸವಾರಿಯ ಬಗ್ಗೆ ಮೊದಲ ಅಂತಾರಾಷ್ಟ್ರೀಯ ಸಮ್ಮೇಳನ 2013ರಲ್ಲಿ ನಡೆದದ್ದೇ ಔಲುವಿನಲ್ಲಿ.

ಸೈಕಲ್ ಶಾಪ್, ಚಿತ್ರದುರ್ಗ:
ನಾನು ಹಿಮ ನೋಡಿಲ್ಲ, ಆದರೆ 20 ವರ್ಷದಿಂದ ಫ್ರೀವೀಲ್ (ಪೆಡಲ್ ನಿಲ್ಲಿಸಿದರೂ ಹಿಂದಿನ ಚಕ್ರ ತಿರುಗಲು ಬಿಡುವ ಭಾಗ) ಬಿಚ್ಚುತ್ತಿದ್ದೇನೆ. ಒಳಗೆ ಸಣ್ಣ ಕೊಂಡಿಗಳಿರುತ್ತವೆ, ಸ್ಪ್ರಿಂಗ್ ಅವನ್ನು ಎತ್ತಿ ಹಲ್ಲಿಗೆ ಸಿಕ್ಕಿಸುತ್ತದೆ, ಆ ಕಟಕಟ ಸದ್ದು ಅದರದ್ದೇ. ಗ್ರೀಸ್ ಗಟ್ಟಿಯಾದರೆ ಅಥವಾ ಒಳಗೆ ನೀರು ಹೆಪ್ಪುಗಟ್ಟಿದರೆ ಕೊಂಡಿ ಏಳುವುದಿಲ್ಲ, ಪೆಡಲ್ ಸುಮ್ನೆ ತಿರುಗುತ್ತದೆ. ದಪ್ಪ ಗ್ರೀಸ್ ತೆಗೆಸಿ ತೆಳು ಎಣ್ಣೆ ಹಾಕಿಸಿ.

ಎರಡು ಚಳಿಗಾಲ ಕಂಡವಳು:
ಅಣ್ಣ ಹೇಳಿದ್ದು ನೂರಕ್ಕೆ ನೂರು ನಿಜ. ಅದಕ್ಕೇ ಸೈಕಲ್ಲನ್ನು ಬೆಚ್ಚಗಿನ ರೂಮಿಗೆ ತರಬೇಡ. ಮೆತ್ತಿದ ಹಿಮ ಕರಗಿ ಒಳಗೆ ಇಳಿಯುತ್ತದೆ, ಬೆಳಗ್ಗೆ ಹೊರಗೆ ತಂದ ಕೂಡಲೇ ಕಲ್ಲಾಗುತ್ತದೆ. ಹೊರಗಿನ ಶೆಡ್ಡಲ್ಲೇ ಇರಲಿ, ಲೈಟಿನ ಬ್ಯಾಟರಿ ಮಾತ್ರ ಒಳಗೆ ತಾ.

ವಿದ್ಯಾನಗರದ ಹುಡುಗ:
ಮುಂದಿನ ಟೈರಿಗೆ ದುಡ್ಡು ಎತ್ತಿಟ್ಟೆ ಅಕ್ಕಾ. ಬಟ್ಟೆ?

ಎರಡು ಚಳಿಗಾಲ ಕಂಡವಳು:
ಕೈ, ಕಿವಿ ಪೂರ್ತಿ ಮುಚ್ಚಿಕೋ. ಜಾಕೆಟ್ ಮಾತ್ರ ತೆಳುವಾಗಿರಲಿ, ಹೊರಡುವಾಗ ಸ್ವಲ್ಪ ಚಳಿ ಅನ್ನಿಸಬೇಕು. ಬೆವರಿದರೆ ಇಳಿದ ಮೇಲೆ ಆ ಬೆವರೇ ನಡುಗಿಸುತ್ತದೆ. ಅಮ್ಮನ ಮಫ್ಲರ್ ತಗೊಂಡು ಹೋಗು, ನಿಜವಾಗಿಯೂ ಬೇಕಾಗುತ್ತದೆ.