ನಾಯ್ಸ್ ಅರ್ಧ ಮಾಡಿದೆ, ಜಿಗಿತವೇ ನಿಂತುಹೋಯ್ತು. ಯಾಕೆ?

ಎರಡುಗುಂಡಿ:
ಡಬಲ್ ವೆಲ್ ಸಿಮ್ಯುಲೇಶನ್ ಮಾಡುತ್ತಿದ್ದೇನೆ. ಒಂದು ಕಣ, ಎರಡು ಗುಂಡಿ, ನಡುವೆ 0.25 ಎತ್ತರದ ದಿಬ್ಬ. ಘರ್ಷಣೆ ಜಾಸ್ತಿ, ಹಾಗಾಗಿ ವೇಗದ ಲೆಕ್ಕ ಇಲ್ಲ. ನಾಯ್ಸ್ (ಕಣಕ್ಕೆ ಅಡ್ಡಾದಿಡ್ಡಿಯಾಗಿ ಬೀಳುವ ಸಣ್ಣ ತಳ್ಳುಗಳು) ತೀವ್ರತೆ 0.05 ಇಟ್ಟಾಗ ಸರಾಸರಿ 650 ಸಮಯದ ಯೂನಿಟ್‌ಗೊಮ್ಮೆ ಕಣ ಆಚೆ ಹಾರುತ್ತದೆ. 0.025ಕ್ಕೆ ಇಳಿಸಿ 10,000ದವರೆಗೆ ಓಡಿಸಿದೆ, ಒಂದೂ ಜಿಗಿತ ಇಲ್ಲ. ಕೋಡ್ ತಪ್ಪಾ? ಒಂದೊಂದು ತಳ್ಳು ಇಷ್ಟು ಚಿಕ್ಕದಿರುವಾಗ ಮೊದಲು ತಾನೇ ಹೇಗೆ ಹತ್ತಿತು?

ದಿಬ್ಬದಾಚೆ:
ಕೋಡ್ ಸರಿಯಾಗೇ ಇರಬೇಕು. ಭೌತವಿಜ್ಞಾನಿ ಕ್ರಾಮರ್ಸ್ 1940ರಲ್ಲೇ ಲೆಕ್ಕ ಹಾಕಿದ್ದಾರೆ: ಕಾಯುವ ಸಮಯ ದಿಬ್ಬದ ಎತ್ತರವನ್ನು ನಾಯ್ಸ್‌ನಿಂದ ಭಾಗಿಸಿದ ಸಂಖ್ಯೆಯ ಜೊತೆ ಎಕ್ಸ್‌ಪೊನೆನ್ಶಿಯಲ್ ಆಗಿ ಏರುತ್ತದೆ. ನಿಮ್ಮಲ್ಲಿ ಅದು 5 ಇದ್ದದ್ದು 10 ಆಯಿತು. ಅಂದರೆ ಕಾಯುವ ಸಮಯ e^5, ಸುಮಾರು 148 ಪಟ್ಟು, ಹತ್ತಿರ ಹತ್ತಿರ ಒಂದು ಲಕ್ಷ. 10,000 ಏನಕ್ಕೂ ಸಾಲದು.

ಹತ್ತುವುದು ಒಂದು ದೊಡ್ಡ ತಳ್ಳಿನಿಂದ ಅಲ್ಲ. ಸಣ್ಣ ತಳ್ಳುಗಳು ಸಾಲಾಗಿ ಒಂದೇ ಕಡೆಗೆ ಬೀಳಬೇಕು, ಅದೂ ಇಳಿಜಾರು ಕೆಳಗೆಳೆಯುವುದಕ್ಕಿಂತ ಬೇಗ ಬೇಗ. ಬಹಳಷ್ಟು ಸಲ ಅರ್ಧ ಹತ್ತಿ ವಾಪಸ್ ಜಾರುತ್ತದೆ.

ಸುಮ್ನೆ_ಓದುಗ:
ಇನ್ನೊಂದು ಮಜಾ ಇದೆ. ಜಿಗಿತ ಯಾವಾಗ ಅಂತ ಹೇಳಲಾಗದು, ಆದರೆ ಯಾವ ದಾರಿಯಲ್ಲಿ ಅಂತ ಹೇಳಬಹುದು. ನಾಯ್ಸ್ ಚಿಕ್ಕದಾದಷ್ಟೂ ಎಲ್ಲ ಜಿಗಿತಗಳೂ ಒಂದೇ ದಾರಿ ಹಿಡಿಯುತ್ತವೆ (ಫ್ರೈಡ್ಲಿನ್, ವೆಂಟ್ಸೆಲ್ ಸಿದ್ಧಾಂತ). ನಿಮ್ಮಂಥ ಪೊಟೆನ್ಶಿಯಲ್ ವ್ಯವಸ್ಥೆಯಲ್ಲಿ (ಅಂದರೆ ಬಲವೆಲ್ಲ ಗುಂಡಿ, ದಿಬ್ಬದ ಇಳಿಜಾರಿನಿಂದಲೇ ಬರುವಂಥದ್ದು) ಆ ದಾರಿ ದಿಬ್ಬದಿಂದ ಜಾರುವ ವಿಡಿಯೋವನ್ನು ಹಿಂದುಮುಂದಾಗಿ ಓಡಿಸಿದ ಹಾಗೆ. ಬಲ ಪೊಟೆನ್ಶಿಯಲ್‌ನಿಂದ ಬರದಿದ್ದರೆ ಈ ನಿಯಮ ಕೈಕೊಡುತ್ತದೆ.

ಕಾಯುವುದು ಯುಗ, ದಾಟುವುದು ಕ್ಷಣ. ಅದಕ್ಕೇ ಡೇಟಾ ನೋಡಿದವರು ಜಿಗಿತಕ್ಕೆ ಮುಂಚೆ ಏನೋ ದೊಡ್ಡ ಕಾರಣ ಇರಲೇಬೇಕು ಅಂತ ಹುಡುಕುತ್ತಾ ಕೂರುತ್ತಾರೆ, ಏನೂ ಸಿಗಲ್ಲ. "ತುಂಬ ದಿನ ಆಯ್ತು, ಇನ್ನೇನು ಹಾರಬೇಕು" ಅನ್ನುವುದೂ ಸುಳ್ಳು. ವ್ಯವಸ್ಥೆಗೆ ಕಾದ ನೆನಪೇ ಇಲ್ಲ.

ಎರಡುಗುಂಡಿ:
ಹಾಗಾದರೆ 0.01ಕ್ಕೆ ಏನು ಮಾಡಲಿ? 25ರ ಎಕ್ಸ್‌ಪೊನೆನ್ಶಿಯಲ್ ಅಂದರೆ ಕಂಪ್ಯೂಟರ್ ಸತ್ತೇಹೋಗುತ್ತದೆ ಅಲ್ವಾ?

ದಿಬ್ಬದಾಚೆ:
ನೇರವಾಗಿ ಓಡಿಸಬೇಡಿ. ಒಂದೇ ಆಯಾಮಕ್ಕೆ ಕ್ರಾಮರ್ಸ್ ಸೂತ್ರವೇ ಸಾಕು. ದೊಡ್ಡ ಮಾಡೆಲ್ ಆದರೆ ಸ್ಪ್ಲಿಟಿಂಗ್ ಬಳಸಿ: ದಾರಿಯಲ್ಲಿ ಮೆಟ್ಟಿಲು ಗುರುತು ಮಾಡಿ, ಮೇಲಿನ ಮೆಟ್ಟಿಲು ಮುಟ್ಟಿದ ಓಟಗಳನ್ನು ನಕಲು ಮಾಡಿ ಮುಂದುವರಿಸಿ, ಜಾರಿದವನ್ನು ಬಿಡಿ. ಪ್ರತಿ ಮೆಟ್ಟಿಲಿನ ಸಂಭವನೀಯತೆ ಗುಣಿಸಿದರೆ ದಿಬ್ಬ ದಾಟುವ ಸಂಭವನೀಯತೆ ಸಿಗುತ್ತದೆ. ಆಯಾಮ ಜಾಸ್ತಿ ಇದ್ದಾಗ ಯಾವುದನ್ನು ಮೆಟ್ಟಿಲು ಅಂತ ಹಿಡಿಯುವುದು ಅನ್ನುವುದೇ ನಿಜವಾದ ತಲೆನೋವು.

ಅಂದಹಾಗೆ, ಒಂದು ಹೆಜ್ಜೆಯ ನಾಯ್ಸ್‌ಗೆ ಟೈಮ್ ಸ್ಟೆಪ್‌ನ ವರ್ಗಮೂಲ ಹಾಕಿದ್ದೀರಾ ನೋಡಿಕೊಳ್ಳಿ.