ಎರಡು ಸಾಲು ನೋಡಲು ಒಂದೇ ಥರ, ಒಂದು ಓದುತ್ತೆ ಇನ್ನೊಂದು ಎರರ್ (ಸಿಎಸ್‌ವಿಯಲ್ಲಿ ಉರ್ದು) – ಬಗೆಹರಿದಿದೆ

ಉಣಕಲ್ ಕೆರೆ, ಹುಬ್ಬಳ್ಳಿ:
ದುರ್ಗದಬೈಲಿನ ಹತ್ತಿರ ಒಂದು ಬಟ್ಟೆ ಅಂಗಡಿಗೆ ಪೈಥಾನ್‌ನಲ್ಲಿ ಬಿಲ್ ಪ್ರೋಗ್ರಾಂ ಮಾಡಿಕೊಡುತ್ತಿದ್ದೇನೆ. ಮಾಲಿನ ಹೆಸರು ಕನ್ನಡ, ಉರ್ದು ಎರಡರಲ್ಲೂ ಬರಬೇಕು. ಅವರು ಕೊಟ್ಟ ಸಿಎಸ್‌ವಿ ಫೈಲನ್ನು (ಕಾಲಂಗಳ ನಡುವೆ ಕಾಮಾ ಇರುವ ಫೈಲ್) ಎಡಿಟರ್‌ನಲ್ಲಿ ತೆರೆದರೆ ಹೀಗೆ ಕಾಣುತ್ತದೆ. 12, 340 ಬೇರೆ ಬೇರೆ ಕಾಲಂ, 340 ದರ. [ಉ] ಅಂದ್ರೆ ಉರ್ದು ಹೆಸರು. ಅದನ್ನೇ ಅಂಟಿಸಿದರೆ ಇಲ್ಲೂ ಗೊಂದಲ ಆಗಬಹುದು.

ಟವೆಲ್,12,340,[ಉ]

ಅದನ್ನು ನೋಡಿಕೊಂಡು ನಾನೇ ಒಂದು ಸಾಲು ಸೇರಿಸಿದೆ:

ಚಾದರ,5,600,[ಉ]

ಟವೆಲ್ ಸರಿಯಾಗಿ ಓದುತ್ತದೆ. ಚಾದರಕ್ಕೆ ಬಂದ ಕೂಡಲೇ ದರದ ಜಾಗದಲ್ಲಿ ಅಂಕಿ ಇಲ್ಲ ಅಂತ ಎರರ್. ಕಾಮಾ ಎಣಿಸಿ ಎಣಿಸಿ ಸಾಕಾಯ್ತು. ಫೈಲ್ ಯುಟಿಎಫ್-8ರಲ್ಲೇ (ಎಲ್ಲ ಲಿಪಿಗೂ ಹೊಂದುವ ಎನ್‌ಕೋಡಿಂಗ್) ಇದೆ.

ಮುದ್ರಣ ಕಾಶಿ, ಗದಗ:
ಪರದೆಯನ್ನು ನಂಬಬೇಡ್ರಿ. ಎರಡೂ ಸಾಲನ್ನು ಪೈಥಾನ್‌ನ ಆಸ್ಕಿ() ಫಂಕ್ಷನ್‌ಗೆ ಕೊಟ್ಟು ಪ್ರಿಂಟ್ ಮಾಡಿ. ಅಕ್ಷರಗಳ ಬದಲು ಕೋಡ್ ಬರುತ್ತದೆ. 0ಸಿ ಇಂದ ಶುರುವಾದರೆ ಕನ್ನಡ, 06 ಇಂದ ಶುರುವಾದರೆ ಉರ್ದು. ಸುಮ್ನೆ ಪ್ರಿಂಟ್ ಮಾಡಿದರೆ ಟರ್ಮಿನಲ್ ಕೂಡ ತಿರುಗಿಸಿ ತೋರಿಸಬಹುದು.

ಉಣಕಲ್ ಕೆರೆ, ಹುಬ್ಬಳ್ಳಿ:
ಅಯ್ಯೋ! ಟವೆಲ್ ಸಾಲಿನಲ್ಲಿ 06 ಎರಡನೇ ಜಾಗದಲ್ಲಿದೆ. ಚಾದರದಲ್ಲಿ ಕೊನೆಗಿದೆ.

ಮುದ್ರಣ ಕಾಶಿ, ಗದಗ:
ಅಷ್ಟೇ. ಫೈಲಿನ ನಿಜವಾದ ಕ್ರಮ ಟವೆಲ್,[ಉ],12,340. ಉರ್ದು ಬಲದಿಂದ ಎಡಕ್ಕೆ ಹೋಗುತ್ತದಲ್ವಾ? ಯುನಿಕೋಡ್ (ಎಲ್ಲ ಲಿಪಿಯ ಅಕ್ಷರಗಳಿಗೂ ಕೋಡ್ ಕೊಡುವ ಮಾನದಂಡ) ನಿಯಮದಲ್ಲಿ ಕಾಮಾಗೆ ತನ್ನದೇ ದಿಕ್ಕಿಲ್ಲ. ಉರ್ದು ಅಕ್ಷರದ ನಂತರ ಬಂದ ಅಂಕಿಯೂ ಅದರ ಜೊತೆಗೇ ಸಾಗುತ್ತದೆ. ಹಾಗಾಗಿ 12,340 ಇಡಿಯಾಗಿ ಉರ್ದುವಿನ ಎಡಕ್ಕೆ ಹೋಗಿ ಕೂತಿದೆ. ನಿಮ್ಮ ಚಾದರದಲ್ಲಿ ಅಂಕಿಗಳು ಕನ್ನಡದ ನಂತರ ಬಂದವು, ಅವು ಇದ್ದಲ್ಲೇ ಇವೆ. ಕ್ರಮ ಬೇರೆ, ನೋಟ ಒಂದೇ.

ಬ್ಯಾಡಗಿ ಮೆಣಸಿನಕಾಯಿ, ಹಾವೇರಿ:
ಉರ್ದು ಹೆಸರು ಮುಗಿದ ಕೂಡಲೇ ಯು+200ಇ ಹಾಕಿ ಬಿಡಿ. ಎಡದಿಂದ ಬಲ ಅಂತ ಹೇಳುವ, ಕಣ್ಣಿಗೆ ಕಾಣದ ಗುರುತು ಅದು. ಸಾಲು ನೆಟ್ಟಗಾಗುತ್ತದೆ.

ಮುದ್ರಣ ಕಾಶಿ, ಗದಗ:
ನೆಟ್ಟಗಾಗುತ್ತದೆ, ನಿಜ. ಆದರೆ ಆ ಗುರುತು ಹೆಸರಿನೊಳಗೇ ಉಳಿಯುತ್ತದೆ. ನಾಳೆ ಅದೇ ಹೆಸರನ್ನು ಕೀಬೋರ್ಡಿನಲ್ಲಿ ಹೊಡೆದು ಹುಡುಕಿದರೆ ಎರಡೂ ಹೊಂದಲ್ಲ. ಕಾಣದ ಗುರುತುಗಳ ಕಾಟ ಸಣ್ಣದಲ್ಲ. ಇಂಥ ದಿಕ್ಕಿನ ಗುರುತುಗಳನ್ನು ಬಳಸಿ ಕೋಡ್ ಒಂದು ಥರ ಕಾಣುವಂತೆ, ಇನ್ನೊಂದು ಥರ ಓಡುವಂತೆ ಮಾಡಬಹುದು ಅಂತ ಕೇಂಬ್ರಿಡ್ಜ್ ಸಂಶೋಧಕರು 2021ರಲ್ಲಿ ತೋರಿಸಿದರು. ನನ್ನ ಕೇಳಿದರೆ ಕಾಮಾ ಬಿಟ್ಟು ಟ್ಯಾಬ್ ಹಾಕಿ. ಯುನಿಕೋಡ್ ನಿಯಮದಲ್ಲೇ ಟ್ಯಾಬ್ ಗೋಡೆ ಇದ್ದಂತೆ, ಉರ್ದುವಿನ ದಿಕ್ಕು ಅದನ್ನು ದಾಟಲ್ಲ.

ಉಣಕಲ್ ಕೆರೆ, ಹುಬ್ಬಳ್ಳಿ:
ಟ್ಯಾಬ್ ಹಾಕಿದೆ, ಎಲ್ಲ ಕಾಲಂ ತನ್ನ ಜಾಗದಲ್ಲೇ ಕಾಣುತ್ತಿದೆ. ಚಾದರವನ್ನೂ ಸರಿ ಮಾಡಿದೆ. ಮತ್ತೆ ಓಡಿಸಿದರೆ ಲುಂಗಿಯಲ್ಲಿ ಅದೇ ಎರರ್! ಆ ಸಾಲು ನಾನು ಬರೆದದ್ದಲ್ಲ. ಅಂಗಡಿಯಲ್ಲಿ ಕೇಳಿದರೆ, ಅವರ ಹುಡುಗನೂ ಪರದೆ ನೋಡಿಕೊಂಡೇ ಸೇರಿಸಿದ್ದನಂತೆ.